ಸಂಬಳದಲ್ಲೇ ಮುರಿಯುವ ಸಾಲ

ಸರ್ಕಾರಿ ನೌಕರರ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ‘ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ’ ಎಂಬ ಮಾತು ಹೊಸದಲ್ಲ. ಸೊಸೈಟಿ ಸಾಲದ ಕಂತು, ಎಲ್.ಐ.ಸಿ. ಪ್ರೀಮಿಯಂ ಮೊದಲಾದವು ಕಡಿತವಾಗಿ ಉಳಿದದ್ದು ಮನೆಗೆ ಬರುತ್ತದೆ. ಕಂತು ಕಟ್ಟಲು ಸಾಲಿನಲ್ಲಿ ನಿಲ್ಲಬೇಕಿಲ್ಲ, ಮರೆತುಹೋಗುವ ಭಯವೂ ಇಲ್ಲ. ಓದಿಗಾಗಿ ಮಾಡಿದ ಸಾಲವನ್ನೂ ಹೀಗೆಯೇ ವಸೂಲು ಮಾಡಬಾರದೇಕೆ ಎಂದು ಎಷ್ಟೋ ತಂದೆತಾಯಿಯರು ಕೇಳುವುದುಂಟು. ಬ್ರಿಟನ್ನಿನಲ್ಲಿ ಈ ಪದ್ಧತಿ ಕಾಲು ಶತಮಾನದಿಂದ ಜಾರಿಯಲ್ಲಿದೆ. ಅದರ ಗುಣ, ದೋಷ ಎರಡೂ ಇಲ್ಲಿನವರು ತಿಳಿದುಕೊಳ್ಳುವಂತಿವೆ.

ವಿದ್ಯಾರ್ಥಿಯ ಸಾಲವನ್ನು ಅವನ ಮುಂದಿನ ಆದಾಯಕ್ಕೆ ಹೊಂದಿಸಿ ವಸೂಲು ಮಾಡಬೇಕೆಂಬ ವಿಚಾರ ಹಳೆಯದು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಇದನ್ನು ಮುಂದಿಟ್ಟಿದ್ದರು. ದೇಶವ್ಯಾಪಿಯಾಗಿ ಇದನ್ನು ಆಚರಣೆಗೆ ತಂದದ್ದು ಆಸ್ಟ್ರೇಲಿಯಾ, 1989ರಲ್ಲಿ. ಆ ಯೋಜನೆಯನ್ನು ರೂಪಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ಪ್ರಮುಖರು. ಬ್ರಿಟನ್ 1990ರಲ್ಲಿ ವಿದ್ಯಾರ್ಥಿ ಸಾಲವನ್ನು ಆರಂಭಿಸಿದಾಗ ಅದು ನಿಗದಿತ ಕಂತುಗಳ ಸಾಲವಾಗಿತ್ತು. 1998ರ ನಂತರ ಸೇರಿದವರಿಗೆ ಆದಾಯಕ್ಕೆ ತಕ್ಕ ಮರುಪಾವತಿ ಬಂತು. 2000ದ ಏಪ್ರಿಲ್‌ನಿಂದ ಆ ಹಣವನ್ನು ತೆರಿಗೆಯ ಜೊತೆಗೇ ಸಂಬಳದಲ್ಲಿ ಮುರಿಯತೊಡಗಿದರು.

ಲೆಕ್ಕ ಸರಳವಾದದ್ದು. ಆದಾಯ ಒಂದು ಮಿತಿಯನ್ನು ದಾಟಿದರೆ, ದಾಟಿದ ಭಾಗದ ಮೇಲೆ ಮಾತ್ರ ಶೇಕಡಾ 9ರಷ್ಟು ಕಡಿತ. ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರ್‌ನಿಂದ 2023ರ ಜುಲೈವರೆಗೆ ಪದವಿಗೆ ಸೇರಿದವರದು ‘ಪ್ಲಾನ್ 2’ ಸಾಲ. 2025ರ ಏಪ್ರಿಲ್‌ನಲ್ಲಿ ಆರಂಭವಾದ ತೆರಿಗೆ ವರ್ಷಕ್ಕೆ ಅದರ ಮಿತಿ 28,470 ಪೌಂಡ್, ಅಂದರೆ ತಿಂಗಳಿಗೆ 2,372 ಪೌಂಡಿಗೆ ತುಸು ಹೆಚ್ಚು. ತಿಂಗಳಿಗೆ 3,000 ಪೌಂಡ್ ಸಂಬಳ ಬರುವವರಿಗೆ ಸುಮಾರು 627 ಪೌಂಡಿನ ಮೇಲೆ ಶೇ. 9 ಹಿಡಿದು, ಪೈಸೆಯ ಭಾಗ ಬಿಟ್ಟು, 56 ಪೌಂಡ್ ಕಡಿತ. ಕೆಲಸ ಹೋದರೆ ಕಡಿತವೂ ಇಲ್ಲ. 30 ವರ್ಷವಾದರೂ ತೀರದೆ ಉಳಿದ ಬಾಕಿ ಮನ್ನಾ. ಸಾಲಗಾರನ ಕಷ್ಟಕಾಲದಲ್ಲಿ ಕಂತು ತಾನೇ ಕರಗಿಹೋಗುವ ಈ ಏರ್ಪಾಟು ಉದಾರವಾದದ್ದೇ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಮೂರು ಕಚೇರಿಗಳ ನಡುವೆ

ಸೊಸೈಟಿ ಸಾಲದಲ್ಲಿ ಸೊಸೈಟಿಯ ಕಾರ್ಯದರ್ಶಿಗೂ ಸಂಬಳದ ಗುಮಾಸ್ತರಿಗೂ ನೇರ ಪರಿಚಯ. ಬ್ರಿಟನ್ನಿನ ಸಾಲ ಮೂರು ಕಡೆ ಸುತ್ತಬೇಕು. ಸಾಲದ ಖಾತೆ ಇರುವುದು ಗ್ಲಾಸ್ಗೊ ನಗರದಲ್ಲಿ ಮುಖ್ಯ ಕಚೇರಿಯಿರುವ ಸ್ಟೂಡೆಂಟ್ ಲೋನ್ಸ್ ಕಂಪೆನಿಯಲ್ಲಿ. ಕಡಿತ ಆರಂಭಿಸಿ ಎಂದು ಮಾಲೀಕರಿಗೆ ಸೂಚನೆ ಕಳಿಸುವುದು ತೆರಿಗೆ ಇಲಾಖೆ. ಸಂಬಳದಲ್ಲಿ ಮುರಿದು ಇಲಾಖೆಗೆ ಕಟ್ಟುವುದು ಮಾಲೀಕರ ಕೆಲಸ. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಲೆಕ್ಕ ಕೆಡುತ್ತದೆ, ಕೆಟ್ಟದ್ದು ಬಹಳ ದಿನ ಗೊತ್ತಾಗುವುದೂ ಇಲ್ಲ.

ಮೊದಲನೆಯ ತೊಂದರೆ, ಕಡಿತವೇ ಆಗದಿರುವುದು. ಹೊಸ ಕೆಲಸಕ್ಕೆ ಸೇರುವಾಗ ತುಂಬುವ ನಮೂನೆಯಲ್ಲಿ ‘ವಿದ್ಯಾರ್ಥಿ ಸಾಲವಿದೆಯೇ?’ ಎಂಬ ಪ್ರಶ್ನೆ ಇರುತ್ತದೆ. ಅವಸರದಲ್ಲಿ ಅದನ್ನು ಖಾಲಿ ಬಿಟ್ಟರೆ, ಅಥವಾ ಇಲಾಖೆಯ ಸೂಚನೆಯನ್ನು ಸಂಬಳ ವಿಭಾಗ ಗಮನಿಸದಿದ್ದರೆ, ಪೂರ್ತಿ ಸಂಬಳ ಕೈಗೆ ಬರುತ್ತದೆ. ಹೊಸ ನೌಕರನಿಗೆ ಸಂತೋಷ. ಸಾಲದ ಬಡ್ಡಿ ಮಾತ್ರ ಸುಮ್ಮನಿರುವುದಿಲ್ಲ. 3,000 ಪೌಂಡಿನ ಸಂಬಳದಲ್ಲಿ ಹತ್ತು ತಿಂಗಳು ಹೀಗೆ ಕಳೆದರೆ 560 ಪೌಂಡ್ ಅಸಲಿನ ಕಡೆಗೆ ಹೋಗದೇ ಉಳಿಯಿತು.

ಎರಡನೆಯದು, ತಪ್ಪು ಲೆಕ್ಕದ ಕಡಿತ. ಸೇರಿದ ವರ್ಷ ಮತ್ತು ಪ್ರಾಂತ್ಯಕ್ಕೆ ತಕ್ಕಂತೆ ಸಾಲಗಳಿಗೆ ಬೇರೆಬೇರೆ ಪ್ಲಾನ್, ಬೇರೆಬೇರೆ ಮಿತಿ. ಅದೇ 2025–26ರಲ್ಲಿ ಹಳೆಯ ‘ಪ್ಲಾನ್ 1’ಕ್ಕೆ 26,065 ಪೌಂಡ್, ಸ್ಕಾಟ್‌ಲೆಂಡಿನ ‘ಪ್ಲಾನ್ 4’ಕ್ಕೆ 32,745 ಪೌಂಡ್. ತಿಂಗಳಿಗೆ 2,600 ಪೌಂಡ್ ಪಡೆಯುವ ‘ಪ್ಲಾನ್ 2’ರ ಸಾಲಗಾರಳಿಗೆ ಮುರಿಯಬೇಕಾದದ್ದು 20 ಪೌಂಡ್. ಗುಮಾಸ್ತರು ‘ಪ್ಲಾನ್ 1’ ಎಂದು ಬರೆದುಕೊಂಡರೆ 38 ಪೌಂಡ್ ಹೋಗುತ್ತದೆ. ತಿಂಗಳಿಗೆ 18 ಪೌಂಡಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಹನಿ ಹನಿ ಕೂಡಿ ಹಳ್ಳವೆಂಬಂತೆ ವರ್ಷಕ್ಕೆ 216 ಪೌಂಡ್ ಆಗುತ್ತದೆ.

ಮೂರನೆಯದು ಬೋನಸ್ ತಿಂಗಳ ತೊಡಕು. ಮಿತಿಯನ್ನು ವರ್ಷದ ಮೊತ್ತವಾಗಿ ಹೇಳಿದರೂ ಮಾಲೀಕರು ಲೆಕ್ಕ ಹಾಕುವುದು ಆಯಾ ಸಂಬಳದ ಅವಧಿಗೆ. ತಿಂಗಳಿಗೆ 2,000 ಪೌಂಡ್ ಪಡೆಯುವ ಒಬ್ಬನಿಗೆ ಡಿಸೆಂಬರಿನಲ್ಲಿ 1,500 ಪೌಂಡ್ ಬೋನಸ್ ಬಂತೆನ್ನಿ. ಆ ತಿಂಗಳ 3,500 ಪೌಂಡಿನಲ್ಲಿ 101 ಪೌಂಡ್ ಕಡಿತವಾಗುತ್ತದೆ. ಆದರೆ ವರ್ಷದ ಆದಾಯ 25,500 ಪೌಂಡ್ ಮಾತ್ರ, ಮಿತಿಗಿಂತ ಕಡಿಮೆ. ಇಲ್ಲಿ ಗುಮಾಸ್ತರದು ತಪ್ಪಿಲ್ಲ, ನಿಯಮವೇ ಹಾಗಿದೆ. ತೆರಿಗೆ ವರ್ಷ ಮುಗಿದ ಮೇಲೆ ಆ 101 ಪೌಂಡನ್ನು ಕೇಳಿ ವಾಪಸು ಪಡೆಯಬಹುದು. ಓದು ಮುಗಿದ ನಂತರದ ಏಪ್ರಿಲ್‌ಗೆ ಮೊದಲೇ ಕಡಿತವಾದ ಹಣಕ್ಕೂ ಇದೇ ದಾರಿ.

ನಾಲ್ಕನೆಯದು, ಸಾಲ ತೀರಿದರೂ ಕಡಿತ ನಿಲ್ಲದಿರುವುದು. ಬಹುಪಾಲು ಮಾಲೀಕರು 2013ರ ಏಪ್ರಿಲ್‌ನಿಂದ ಪ್ರತಿ ಸಂಬಳದ ವಿವರವನ್ನೂ ತೆರಿಗೆ ಇಲಾಖೆಗೆ ಕೂಡಲೇ ಕಳಿಸತೊಡಗಿದ್ದರು. ಆದರೂ 2019ರವರೆಗೆ ಸಾಲದ ಕಂಪೆನಿಗೆ ಆ ವಿವರ ತಲುಪುತ್ತಿದ್ದದ್ದು ವರ್ಷ ಮುಗಿದ ಮೇಲೆ. ಹೀಗಾಗಿ ಅಸಲು ಬಡ್ಡಿ ಎರಡೂ ತೀರಿಸಿದವರು ತಿಂಗಳುಗಟ್ಟಲೆ ಇಲ್ಲದ ಸಾಲಕ್ಕೆ ಹಣ ಕಟ್ಟಿದರು. 2019ರ ಏಪ್ರಿಲ್ ನಂತರ ಮಾಹಿತಿ ಬೇಗ ತಲುಪುವ ವ್ಯವಸ್ಥೆಯಾಗಿದೆ. ಸಾಲ ಮುಗಿಯುವ ಹೊತ್ತಿಗೆ ಸಂಬಳದ ಕಡಿತವನ್ನು ಬಿಟ್ಟು ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟುವ ಅವಕಾಶವೂ ಇದೆ.

ಹೆಚ್ಚು ಕಟ್ಟಿದವರೆಲ್ಲ ಹಣ ವಾಪಸು ಕೇಳಬೇಕೇ? ಇಲ್ಲಿ ಸ್ವಲ್ಪ ಯೋಚಿಸಬೇಕು. ಅವಧಿಯೊಳಗೆ ಸಾಲವನ್ನು ಪೂರ್ತಿ ತೀರಿಸಬಲ್ಲವರಿಗೆ ಹೆಚ್ಚು ಹೋದ ಹಣ ಅಸಲಿಗೇ ಸೇರಿ ಮುಂದಿನ ಬಡ್ಡಿಯನ್ನು ಉಳಿಸುತ್ತದೆ. ಕಡಿಮೆ ಸಂಬಳದಿಂದಾಗಿ ಕೊನೆಗೆ ಮನ್ನಾ ಆಗುವ ಸಾಲದವರಿಗೆ ಅದು ಶುದ್ಧ ನಷ್ಟ. ಅಂದರೆ ಕಡಿಮೆ ಗಳಿಸುವವರಿಗೇ ಈ ತಪ್ಪುಗಳ ಪೆಟ್ಟು ಜೋರು.

ಎಲ್ಲಕ್ಕೂ ಮದ್ದು ಒಂದೇ: ಸಂಬಳದ ಚೀಟಿಯನ್ನು ಪ್ರತಿ ತಿಂಗಳು ಓದುವುದು. ಕಡಿತವಾಗಿದೆಯೇ, ಯಾವ ಪ್ಲಾನ್ ಲೆಕ್ಕದಲ್ಲಿ, ಎಷ್ಟು ಎಂದು ನೋಡಿ, ತಪ್ಪಿದ್ದರೆ ಆ ತಿಂಗಳೇ ಸಂಬಳ ವಿಭಾಗಕ್ಕೆ ಬರೆದು ತಿಳಿಸಬೇಕು. ವರ್ಷದ ಕೊನೆಗೆ ಕೊಡುವ ‘ಪಿ-60’ ಪತ್ರದಲ್ಲೂ ಕಡಿತದ ಒಟ್ಟು ಮೊತ್ತ ಇರುತ್ತದೆ. ಮಾಲೀಕರು ಮುರಿದ ಹಣ ಸಾಲದ ಖಾತೆಗೆ ಜಮೆಯಾಗದಿದ್ದಾಗ ನೌಕರನ ಕೈಯಲ್ಲಿರುವ ಸಾಕ್ಷಿ ಈ ಎರಡು ಕಾಗದಗಳು.

ಕರ್ನಾಟಕದ ವಿದ್ಯಾರ್ಥಿಗಳಿಗೆ

ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ಬ್ರಿಟನ್ನಿಗೆ ಹೋಗುವವರಿಗೆ ಸಾಮಾನ್ಯವಾಗಿ ಆ ದೇಶದ ಸರ್ಕಾರಿ ಸಾಲ ಸಿಗುವುದಿಲ್ಲ. ಅವರದು ಊರಿನ ಬ್ಯಾಂಕಿನ ಸಾಲ, ತಂದೆ ಅಥವಾ ತಾಯಿಯ ಸಹಿಯೂ ಅದಕ್ಕಿರುತ್ತದೆ. ಕೋರ್ಸ್ ಮುಗಿದು ಸಾಮಾನ್ಯವಾಗಿ ಒಂದು ವರ್ಷದ ವಿರಾಮದ ನಂತರ ಕಂತು ಆರಂಭ. ಆ ಕಂತು ಸಂಬಳವನ್ನು ನೋಡುವುದಿಲ್ಲ. ಕೆಲಸ ಸಿಗದಿದ್ದರೂ ಅಷ್ಟೇ ಕಟ್ಟಬೇಕು. ಮಗ ಲಂಡನ್ನಿನಲ್ಲಿ ಸಂಬಳ ಪಡೆಯುತ್ತಿದ್ದರೂ ಅಲ್ಲಿನ ಮಾಲೀಕರು ಇಲ್ಲಿನ ಕಂತನ್ನು ಮುರಿದು ಕಳಿಸುವುದಿಲ್ಲ. ಅವನು ಮರೆತರೆ ನೋಟಿಸು ಬರುವುದು ಊರಿನ ಮನೆಗೆ. ಹೊರಡುವ ಮೊದಲೇ ಮನೆಯವರೆಲ್ಲ ಕುಳಿತು ಯಾವ ಖಾತೆಯಿಂದ, ಯಾವ ತಾರೀಖಿಗೆ ಕಂತು ಹೋಗಬೇಕೆಂದು ಮಾತನಾಡಿಕೊಳ್ಳುವುದು ಒಳ್ಳೆಯದು. ವಿರಾಮದ ಕಾಲದಲ್ಲೂ ಬಡ್ಡಿ ಬೆಳೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಇದೆ. ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದು, ಅಲ್ಲಿನ ಸಾಲದಲ್ಲಿ ಓದಿದ ಕನ್ನಡಿಗರ ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಬಂದರೆ ಸಂಬಳದ ಕಡಿತ ನಿಂತುಹೋಗುತ್ತದೆ, ಸಾಲ ನಿಲ್ಲುವುದಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ದೇಶ ಬಿಡುವವರು ಸಾಲದ ಕಂಪೆನಿಗೆ ತಿಳಿಸಿ, ಆದಾಯದ ದಾಖಲೆ ಕೊಟ್ಟು, ನೇರವಾಗಿ ಕಟ್ಟಬೇಕು. ಆಯಾ ದೇಶದ ಜೀವನವೆಚ್ಚ ನೋಡಿ ಮಿತಿಯನ್ನು ಬೇರೆಯಾಗಿ ಗೊತ್ತುಮಾಡುತ್ತಾರೆ.

ಸಾಲವನ್ನು ತಾವೇ ಕಟ್ಟುವವರಿಗೆ ಕಂತಿನ ದಿನ ನೆನಪಿರುತ್ತದೆ. ಸಂಬಳದಲ್ಲಿ ಮುರಿಯುವಾಗ ಆ ನೆನಪಿನ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದಂತಾಗುತ್ತದೆ. ಸಾಲ ಮಾತ್ರ ಪಡೆದವರ ಹೆಸರಿನಲ್ಲೇ ಇರುತ್ತದೆ. ಕೂಡುವ, ಕಳೆಯುವ, ಶೇಕಡಾ ತೆಗೆಯುವ ಲೆಕ್ಕವನ್ನು ಮಕ್ಕಳು ಏಳನೆಯ ತರಗತಿಯ ಹೊತ್ತಿಗೆ ಕಲಿತಿರುತ್ತಾರೆ. ಸಂಬಳದ ಚೀಟಿಯನ್ನು ಪರೀಕ್ಷಿಸಲು ಅದಕ್ಕಿಂತ ಹೆಚ್ಚಿನ ಗಣಿತ ಬೇಕಿಲ್ಲ. ತಂದೆತಾಯಿಯರು ತಮ್ಮ ಸಂಬಳದ ಚೀಟಿಯನ್ನೋ ಸೊಸೈಟಿಯ ಪಾಸ್ ಪುಸ್ತಕವನ್ನೋ ಒಮ್ಮೆ ಮಕ್ಕಳ ಮುಂದಿಟ್ಟು, ಒಂದೊಂದು ಕಡಿತವೂ ಏಕೆ, ಎಷ್ಟು ಎಂದು ಲೆಕ್ಕ ಮಾಡಿಸಿದರೆ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ.