ವೃದ್ಧಾಶ್ರಮಗಳ ತಪಾಸಣೆ: ಲೆಕ್ಕಕ್ಕೆ ಬಾರದ ಗಂಟೆಗಳು

ನೋಂದಣಿ ಕಡ್ಡಾಯವಾದರೆ ವೃದ್ಧಾಶ್ರಮಗಳ ಆರೈಕೆ ತಾನಾಗಿ ಸುಧಾರಿಸುತ್ತದೆ ಎಂಬ ವಾದ, ಯಾವುದಾದರೊಂದು ಆಶ್ರಮದ ದುಃಸ್ಥಿತಿ ಬೆಳಕಿಗೆ ಬಂದಾಗಲೆಲ್ಲ ಕೇಳಿಬರುತ್ತದೆ. ಆದರೆ ನೋಂದಣಿಯೊಂದರಿಂದ ಆಗುವುದು ಅಲ್ಪ. ಹಾಸಿಗೆ ಹಿಡಿದ ವೃದ್ಧರ ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಲು ಬೇಕಾದಷ್ಟು ಸಿಬ್ಬಂದಿ ರಾತ್ರಿ ಪಾಳಿಯಲ್ಲಿ ಇದ್ದಾರೆಯೇ ಎಂಬ ಪ್ರಶ್ನೆಗೆ ಪ್ರಮಾಣಪತ್ರದಲ್ಲಿ ಉತ್ತರವಿರುವುದಿಲ್ಲ.

ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಮು, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕರಿಗೆ ನೆಲೆಯಾಗಬಲ್ಲ ಆಶ್ರಮಗಳನ್ನು ರಾಜ್ಯ ಸ್ಥಾಪಿಸಬಹುದು ಎನ್ನುತ್ತದೆ. 2018ರ ಡಿಸೆಂಬರಿನಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಳಿದ ವಿವರಗಳಲ್ಲೂ ಜಿಲ್ಲಾವಾರು ಆಶ್ರಮಗಳ ಸಂಖ್ಯೆಯಿತ್ತು. ನೋಂದಣಿ ಮತ್ತು ಕನಿಷ್ಠ ಮಾನದಂಡಗಳನ್ನು ತರಬೇಕಿದ್ದ 2019ರ ತಿದ್ದುಪಡಿ ಮಸೂದೆ 17ನೇ ಲೋಕಸಭೆಯೊಂದಿಗೇ ಅಸುನೀಗಿತು. ಇತ್ತ ಸಣ್ಣ ಖಾಸಗಿ ಆಸ್ಪತ್ರೆಗಳ, ಅಂದರೆ ಇಲ್ಲಿನವರು ನರ್ಸಿಂಗ್ ಹೋಮ್ ಎನ್ನುವ ಸಂಸ್ಥೆಗಳ ಮೇಲೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ. ವೃದ್ಧಾಶ್ರಮವಾದರೋ ಹಿರಿಯ ನಾಗರಿಕರ ಇಲಾಖೆಯ ಪಾಲು. ಮೂತ್ರನಾಳಕ್ಕೆ ಕೊಳವೆ ಹಾಕಿಸಿಕೊಂಡು ಆಶ್ರಮದಲ್ಲಿ ಮಲಗಿರುವವರು ಈ ಎರಡರ ನಡುವೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಚರ್ಚೆಯಲ್ಲಿ ಯಾರೂ ಎತ್ತದ ಅಂಕಿ 3.48. ಅಮೆರಿಕದ ಫೆಡರಲ್ ಸರ್ಕಾರ 2024ರಲ್ಲಿ, ಶುಶ್ರೂಷಾ ಗೃಹದ ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ ಇಷ್ಟು ಗಂಟೆಗಳ ಶುಶ್ರೂಷೆ ಸಿಗಬೇಕೆಂದು ನಿಯಮ ಮಾಡಿತು. ಇದನ್ನು 150 ಜನರಿಗೆ ಅನ್ವಯಿಸಿದರೆ ದಿನಕ್ಕೆ 522 ಗಂಟೆ, ಎಂದರೆ ಎಂಟು ಗಂಟೆಯ ಸುಮಾರು 65 ಪಾಳಿಗಳು ಬೇಕು. ಬಡ ಜಿಲ್ಲೆಗೆ ಇದು ದುಬಾರಿ ಎನ್ನುವವರು ಅರ್ಧಕ್ಕಿಳಿಸಲಿ, ಎದ್ದು ಓಡಾಡುವವರಿಗೆ ಇನ್ನೂ ಕಡಿಮೆ ಮಾಡಲಿ. ಆಗಲೂ ಒಂದು ಸಂಖ್ಯೆ ಉಳಿಯುತ್ತದೆ, ಅದನ್ನು ತಪಾಸಣಾಧಿಕಾರಿ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಬಹುದು. ಇಲ್ಲಿನ ವ್ಯವಸ್ಥೆಯಲ್ಲಿ ತಾಳೆ ನೋಡಲು ಅಂಥ ಸಂಖ್ಯೆಯೇ ಇಲ್ಲ.

ಆ ಅಮೆರಿಕನ್ ನಿಯಮವನ್ನು ಟೆಕ್ಸಾಸಿನ ಫೆಡರಲ್ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು ಎಂಬ ಆಕ್ಷೇಪ ಬರಬಹುದು. ಆದರೆ ಅಲ್ಲಿ ಬಿದ್ದುಹೋದದ್ದು, ಶಾಸನ ಕೊಟ್ಟ ಅಧಿಕಾರವನ್ನು ಇಲಾಖೆ ಮೀರಿದೆ ಎಂಬ ಕಾರಣಕ್ಕೆ. ಇಲ್ಲಿ 19ನೇ ಕಲಮಿನ ಎರಡನೆಯ ಉಪಕಲಮು ಆಶ್ರಮಗಳ ಮಾನದಂಡ ಮತ್ತು ವೈದ್ಯಕೀಯ ಸೇವೆಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ. ಖಾಸಗಿ ಆಶ್ರಮಗಳ ವಿಚಾರ ತಕರಾರಿಗೆ ಸಿಕ್ಕೀತೆಂಬ ಅಳುಕಿದ್ದರೆ ಸರ್ಕಾರಿ ಮತ್ತು ಅನುದಾನಿತ ಆಶ್ರಮಗಳಿಂದಲೇ ಆರಂಭಿಸಬಹುದು. ದೆಹಲಿಯತ್ತ ಮುಖ ಮಾಡಿ ಕೂರಬೇಕಾದ ಕಾರಣವಿಲ್ಲ.

2011ರ ಜನಗಣತಿಯಂತೆ 16.59 ಲಕ್ಷ ಜನರಿದ್ದ ಚಿತ್ರದುರ್ಗ ಜಿಲ್ಲೆಗೆ ಕಾಯ್ದೆಯ ಕನಿಷ್ಠ ಲೆಕ್ಕ 150 ಹಾಸಿಗೆ. ಅಂಥದೊಂದು ಆಶ್ರಮ ಜಿಲ್ಲಾ ಕೇಂದ್ರದಲ್ಲಿದ್ದರೆ, ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಿಂದ ಅಲ್ಲಿಗೆ ಸೇರಿದವರನ್ನು ಊರಿನವರು ಎಷ್ಟು ಸಲ ನೋಡಿಬಂದಾರು? ಬಂಧುಗಳು ಬಂದುಹೋಗುವ ಕಡೆ ತಪ್ಪು ಬಹುಕಾಲ ಮುಚ್ಚಿರುವುದಿಲ್ಲ, ಆದರೆ ನಿರ್ಗತಿಕರಿಗೆ ಆ ಕಾವಲೂ ಇಲ್ಲದಿರುವುದರಿಂದ ಸರ್ಕಾರದ ತಪಾಸಣೆಯೊಂದೇ ಅವರ ಪಾಲಿನ ಕಾವಲು. ಅದು ಹಗಲು ಹನ್ನೊಂದಕ್ಕೆ, ಮುನ್ಸೂಚನೆ ಕೊಟ್ಟು ನಡೆಯುವ ಬದಲು ರಾತ್ರಿ ಪಾಳಿಯ ಹೊತ್ತಿಗೆ, ಹೇಳದೆ ಕೇಳದೆ ನಡೆಯಬೇಕು.