ಖಡಕಿಯ ಭೋಂಗಾ ಮಗರಪಟ್ಟಾಕ್ಕೂ ಕೇಳಲಿ!

ಮಗರಪಟ್ಟಾದ ಕನ್ನಡಿಗರೇ! ಹಡಪ್ಸರ್, ಮುಂಢವಾ ಕಡೆಯ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ!

ಈ ಕಾಗದವನ್ನು ಮಡಚಿ ಜೇಬಿಗಿಡಬೇಡಿ. ಬಸ್ಸು ಬರುವ ತನಕ ನಿಂತು ಓದಿ. ಬಸ್ಸು ಹತ್ತಿದ ಮೇಲೆ ಪಕ್ಕದವರಿಗೆ ಕೊಡಿ.

ಇದೇ ಪುಣೆಯ ಆ ತುದಿಯಲ್ಲಿ ಖಡಕಿ ಇದೆ. ಬ್ರಿಟಿಷರ ಬಾಯಲ್ಲಿ ಅದು ಕಿರ್ಕಿ. ಅಲ್ಲಿ ಅವರು 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಕಟ್ಟಿದರು. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಪಕ್ಕದಲ್ಲೇ ಸ್ಫೋಟಕದ ಕಾರ್ಖಾನೆ ಬಂತು. ಬ್ರಿಟಿಷರು ಹೋದರು. ಕಾರ್ಖಾನೆ ನಮ್ಮದಾಯಿತು. ದೇಶದ್ದಾಯಿತು. ಅಜ್ಜ ದುಡಿದ, ಅಪ್ಪ ದುಡಿದ, ಮಗ ದುಡಿದ. ಒಂದೇ ಗೇಟು, ಒಂದೇ ಭೋಂಗಾ, ಮೂರು ತಲೆಮಾರು!

ಇವತ್ತು ಆ ಗೇಟಿನೊಳಗೆ ಹೋಗುವ ಹುಡುಗನನ್ನು ನಿಲ್ಲಿಸಿ ಕೇಳಿ: "ತಮ್ಮಾ, ನಿನ್ನ ನೌಕರಿ ಎಷ್ಟು ವರ್ಷದ್ದು?" ಅವನ ಮುಖ ನೋಡಿ. ಉತ್ತರ ಅಲ್ಲೇ ಸಿಗುತ್ತದೆ.

ನಿಮಗೂ ಖಡಕಿಗೂ ಏನು ಸಂಬಂಧ ಅನ್ನುತ್ತೀರಾ? ಇದೆ!

ನಿಮ್ಮಲ್ಲಿ ಕೊಡಗಿನವರು ಇದ್ದೀರಿ, ಮಲೆನಾಡಿನವರು ಇದ್ದೀರಿ. ನಿಮ್ಮ ಊರ ಮನೆಯ ಗೋಡೆಯ ಮೇಲೆ ತೋಟಾ ಕೋವಿ ಇರಬಹುದು. ಭತ್ತದ ಗದ್ದೆಗೆ ಹಂದಿ ನುಗ್ಗಿದರೆ ಕಾಯುವುದಕ್ಕೆ, ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುವುದಕ್ಕೆ. ಆ ಕೋವಿಗೆ ಹಾಕುವ 12 ಬೋರಿನ ಕಾಡತೂಸು ಎಲ್ಲಿ ತಯಾರಾಗುತ್ತಿತ್ತು ಗೊತ್ತೇ? ಇದೇ ಖಡಕಿಯಲ್ಲಿ! ಸೈನ್ಯಕ್ಕೆ ಗುಂಡು ಮಾಡುವ ಕೈಗಳೇ ರೈತನ ಕೋವಿಗೂ ಕಾಡತೂಸು ಮಾಡಿದವು.

ಕೊರೊನಾ ನೆನಪಿದೆಯೇ? 2020ರಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಸರ್ಕಾರದ ಈ ಶಸ್ತ್ರಾಸ್ತ್ರ ಕಾರ್ಖಾನೆಗಳು ಮಾಸ್ಕ್ ಹೊಲಿದವು. ಸ್ಯಾನಿಟೈಜರ್ ತಯಾರಿಸಿದವು. ವೈದ್ಯರಿಗೆ ಮೈ ಮುಚ್ಚುವ ಉಡುಪು, ರೋಗಿಗಳಿಗೆ ಟೆಂಟು ಕೊಟ್ಟವು. ನಾವು ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಅವರು ಕೆಲಸಕ್ಕೆ ಹೋದರು.

ಅವರಿಗೆ ಏನು ಸಿಕ್ಕಿತು? ಚಪ್ಪಾಳೆಯ ಸದ್ದು ಆರುವ ಮೊದಲೇ ಕಾರ್ಖಾನೆಯನ್ನು ಕಾಲಡಿಯಿಂದ ಎಳೆದರು!

2021ರ ಅಕ್ಟೋಬರ್ 1. ಈ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಎಂಬುದೇ ಇಲ್ಲವಾಯಿತು. 41 ಕಾರ್ಖಾನೆಗಳು, ಸುಮಾರು 70 ಸಾವಿರ ನೌಕರರು. ಎಲ್ಲರನ್ನೂ 7 ಕಂಪನಿಗಳಿಗೆ ಹಂಚಿದರು. ಕಾಶೀಪುರದಲ್ಲಿ 1801ರಲ್ಲಿ ಶುರುವಾದ ಬೇರು, 220 ವರ್ಷದ ಮರ. ಒಂದೇ ಆದೇಶಕ್ಕೆ ಏಳು ತುಂಡು! ಖಡಕಿಯ ಎರಡೂ ಕಾರ್ಖಾನೆಗಳು ಮ್ಯುನಿಶನ್ಸ್ ಇಂಡಿಯಾ ಎಂಬ ಕಂಪನಿಯ ಪಾಲಾದವು. ಪಕ್ಕದ ದೇಹೂರೋಡ್ ಕಾರ್ಖಾನೆಯೂ ಅದರದೇ. ಅದರ ಕೈಕೆಳಗೆ ಒಟ್ಟು 12 ಕಾರ್ಖಾನೆಗಳು, ಯಜಮಾನಿಕೆ ಈ ಪುಣೆಯಿಂದಲೇ.

ಏಳು ಕಂಪನಿಗಳನ್ನು ದೇಶಕ್ಕೆ ಅರ್ಪಿಸಿದ ದಿನ ಯಾವುದು ಗೊತ್ತೇ? ಅಕ್ಟೋಬರ್ 15, ವಿಜಯದಶಮಿ! ಹಿಂದಿನ ದಿನವಷ್ಟೇ ನಾವು ಮನೆಯ ಕುಡುಗೋಲಿಗೆ, ಮಗ್ಗಕ್ಕೆ, ಲಾರಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಿದ್ದೆವು. ಆಯುಧ ಪೂಜೆ ಎಂದರೆ ಅನ್ನ ಕೊಡುವ ಹತಾರಕ್ಕೆ ಕೈ ಮುಗಿಯುವ ಹಬ್ಬ. ಆಯುಧವನ್ನೇ ಮಾಡುವವರು ಆ ದಿನ ಸಿಹಿ ತಿನ್ನಲಿಲ್ಲ ಎಂದರೆ ಆಶ್ಚರ್ಯವೇ?

ಅವರು ಸುಮ್ಮನೆ ಕೂತಿರಲಿಲ್ಲ! ಕಂಪನಿ ಮಾಡಕೂಡದು ಎಂದು 2019ರ ಆಗಸ್ಟ್ 20ರಂದೇ ದೇಶದ ಎಲ್ಲ ಆರ್ಡ್‌ನೆನ್ಸ್ ಕಾರ್ಖಾನೆಗಳ ಗೇಟಿನಲ್ಲಿ ಮುಷ್ಕರ ಶುರುವಾಯಿತು. ಎಡದವರ ಸಂಘ, ಕಾಂಗ್ರೆಸ್ ಕಡೆಯ ಸಂಘ, ಸಂಘ ಪರಿವಾರದ ಸಂಘ, ಮೂರೂ ಒಂದೇ ಸಾಲಿನಲ್ಲಿ ನಿಂತವು. ಈ ಕಾಲದಲ್ಲಿ ಇಂಥದ್ದನ್ನು ಎಲ್ಲಿಯಾದರೂ ಕಂಡಿದ್ದೀರಾ? ತಿಂಗಳು ಪೂರ್ತಿ ನಡೆಸಬೇಕೆಂದಿದ್ದ ಮುಷ್ಕರ. ಕೆಲವೇ ದಿನಕ್ಕೆ ಸರ್ಕಾರ ಹೇಳಿತು: ಸಮಿತಿ ಮಾಡುತ್ತೇವೆ, ಮಾತಾಡೋಣ. ಕಾರ್ಮಿಕರು ನಂಬಿದರು. ಒಳಗೆ ಹೋದರು. ಎರಡು ವರ್ಷ ಕಳೆಯುತ್ತಲೇ ಕಂಪನಿ ಮಾಡಿಯೇ ಬಿಟ್ಟರು.

2021ರ ಜುಲೈ 26ರಿಂದ ಮತ್ತೆ ಮುಷ್ಕರ ಎಂದು ಸಂಘಗಳು ಸಾರಿದವು. ಜೂನ್ 30ಕ್ಕೇ ಸುಗ್ರೀವಾಜ್ಞೆ ಬಂತು! ಆಗಸ್ಟಿನಲ್ಲಿ ಅದೇ ಕಾಯ್ದೆಯಾಯಿತು. ಮುಷ್ಕರ ಹೂಡಿದರೆ ಒಂದು ವರ್ಷ ಜೈಲು ಇಲ್ಲವೇ ಹತ್ತು ಸಾವಿರ ದಂಡ, ಇಲ್ಲವೇ ಎರಡೂ. ಮುಷ್ಕರಕ್ಕೆ ಕರೆದರೆ ಎರಡು ವರ್ಷ! ವಿಚಾರಣೆಯನ್ನೂ ಮಾಡದೆ ಕೆಲಸದಿಂದ ತೆಗೆಯುವ ಅಧಿಕಾರ ಬೇರೆ. ಕಾಯ್ದೆಯ ಆಯುಸ್ಸು ಒಂದೇ ವರ್ಷ ಇತ್ತು, ನಿಜ. ಬಾಯಿ ಮುಚ್ಚಿಸಬೇಕಾದದ್ದೂ ಅದೇ ಒಂದು ವರ್ಷ ತಾನೇ!

ಈಗ ಮಗರಪಟ್ಟಾದ ನೆಲದ ಮಾತಿಗೆ ಬನ್ನಿ. ನಾವು ಓಡಾಡುವ ಈ ರಸ್ತೆ, ಈ ಗೋಪುರ, ಈ ಉದ್ಯಾನ, ಎಲ್ಲವೂ ಹೊಲವಾಗಿತ್ತು. ಊರು ಬೆಳೆದು ಹೊಲದ ಅಂಚಿಗೆ ಬಂದಾಗ ಇಲ್ಲಿನ ರೈತರು ಏನು ಮಾಡಿದರು? ಬಂದ ಬೆಲೆಗೆ ಮಾರಿ ಎದ್ದು ಹೋದರೇ? ಇಲ್ಲ! ಸುಮಾರು 120 ಕುಟುಂಬಗಳು ಕೂಡಿ ಕೂತು ಮಾತಾಡಿದವು. 400 ಎಕರೆಗೂ ಮೀರಿದ ಭೂಮಿಯನ್ನು ಒಟ್ಟು ಮಾಡಿದವು. ತಾವೇ ಕಂಪನಿ ಕಟ್ಟಿದವು. ತಾವೇ ಪಾಲುದಾರರಾದವು. ಇವತ್ತಿಗೂ ಮಗರಪಟ್ಟಾ ಅಂದರೆ ದೇಶವೇ ತಿರುಗಿ ನೋಡುವುದು ಇದಕ್ಕೇ.

ಇಲ್ಲೂ ಕಂಪನಿಯೇ ಆಯಿತು. ಖಡಕಿಯಲ್ಲೂ ಕಂಪನಿಯೇ ಆಯಿತು. ಇಲ್ಲಿ ಹೊಲದವನನ್ನು ಕೇಳಿ ಆಯಿತು. ಅಲ್ಲಿ ಮೂರು ತಲೆಮಾರು ಮದ್ದು ಅರೆದವನು ಬೇಡ ಬೇಡ ಎಂದು ಗೇಟಿನಲ್ಲಿ ಕೂಗಿದರೂ ಆಯಿತು. ಅವನಿಗೆ ಯಾವ ಪಾಲೂ ಇಲ್ಲ. ಅವನ ಕೈಗೆ ಸಿಕ್ಕಿದ್ದು ಒಂದು ಪದ: "ಡೀಮ್ಡ್ ಡೆಪ್ಯುಟೇಶನ್"!

ಹಾಗೆಂದರೇನು? ನೀನು ಕೇಂದ್ರ ಸರ್ಕಾರದ ನೌಕರನೇ, ಸದ್ಯಕ್ಕೆ ಕಂಪನಿಗೆ ಎರವಲು ಕೊಟ್ಟಿದ್ದೇವೆ ಎಂದರ್ಥ. ಮೊದಲು ಎರಡು ವರ್ಷ ಎಂದರು. ಎರಡು ಮುಗಿಯಿತು, ಇನ್ನೊಂದಿಷ್ಟು ಎಂದರು. ಮತ್ತೆ ಮುಂದಕ್ಕೆ ಹಾಕಿದರು. ಐವತ್ತು ದಾಟಿದ ಮನುಷ್ಯ ಪ್ರತಿ ಸಲ ಗಡುವು ಹತ್ತಿರ ಬಂದಾಗ ರಾತ್ರಿ ನಿದ್ದೆ ಬಿಟ್ಟು ಕೂರುತ್ತಾನೆ. ಮಗಳ ಮದುವೆಗೆ ಸಾಲ ಮಾಡಲೋ ಬೇಡವೋ? ಕ್ವಾರ್ಟರ್ಸ್ ಬಿಡಬೇಕಾಗುತ್ತದೋ ಏನೋ? ಹೆಂಡತಿ ಕೇಳುತ್ತಾಳೆ, ಅವನ ಹತ್ತಿರ ಉತ್ತರ ಇಲ್ಲ. ಮನೆಯ ಹಿರಿಯನನ್ನು ಹೀಗೆ ವರ್ಷ ವರ್ಷವೂ ಹೊಸ್ತಿಲ ಮೇಲೆ ನಿಲ್ಲಿಸುವುದು ಯಾವ ನ್ಯಾಯ?

ಹಿರಿಯನ ಪಾಡು ಇದು. ಕಿರಿಯನ ಪಾಡು ಇದಕ್ಕಿಂತ ಘೋರ! ಇದನ್ನು ನಿಧಾನವಾಗಿ ಓದಿ.

ಮದ್ದುಗುಂಡಿನ ಕಾರ್ಖಾನೆಯೊಳಗೆ "ಡೇಂಜರ್ ಬಿಲ್ಡಿಂಗ್" ಎಂದು ಇರುತ್ತದೆ. ಸ್ಫೋಟಕ ಬೆರೆಸುವ, ತುಂಬುವ, ಒತ್ತುವ ಕಟ್ಟಡ. ಅದರೊಳಗೆ ಹೋಗುವವನು ಬೆಂಕಿಪೊಟ್ಟಣ ಹೊರಗಿಡಬೇಕು, ಮೊಬೈಲು ಹೊರಗಿಡಬೇಕು. ಬೂಟಿನಲ್ಲಿ ಕಬ್ಬಿಣದ ಮೊಳೆ ಇರಕೂಡದು. ಮೈಮೇಲೆ ಹತ್ತಿ ಬಟ್ಟೆಯೇ ಬೇಕು. ಒಳಗೆ ಕಾಲಿಡುವ ಮುಂಚೆ ತಾಮ್ರದ ತಗಡು ಮುಟ್ಟಿ ಮೈಯ ವಿದ್ಯುತ್ತನ್ನು ನೆಲಕ್ಕಿಳಿಸಬೇಕು. ಒಂದು ಕಿಡಿ ಸಾಕು! ಟಿಎನ್‌ಟಿ ಜತೆ ಕೆಲಸ ಮಾಡುವವನ ಕೈ ಅರಿಸಿನ ಮೆತ್ತಿದ ಹಾಗೆ ಹಳದಿಯಾಗುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ನೈಟ್ರೋಗ್ಲಿಸರಿನ್ ಹತ್ತಿರ ನಿಂತವನಿಗೆ ತಲೆ ಸಿಡಿದು ಹೋಗುವ ನೋವು. ಅದೇ ತಲೆ ಹೊತ್ತು ಮನೆಗೆ ಬಂದು ಮಕ್ಕಳ ಅಭ್ಯಾಸ ನೋಡಬೇಕು.

ಇಂಥ ಕಟ್ಟಡದೊಳಗೆ ಈಗ ಯಾರನ್ನು ತುಂಬುತ್ತಿದ್ದಾರೆ? ಗುತ್ತಿಗೆಯ ಹುಡುಗರನ್ನು! ಅಪ್ರೆಂಟಿಸ್ ಮುಗಿಸಿದ ಇಪ್ಪತ್ತು ಇಪ್ಪತ್ತೆರಡರ ಹುಡುಗರು. "ಟೆನ್ಯೂರ್ ಬೇಸ್ಡ್ ಡೇಂಜರ್ ಬಿಲ್ಡಿಂಗ್ ವರ್ಕರ್" ಎಂದು ಉದ್ದನೆಯ ಹೆಸರು. ಮೊದಲು ಒಂದು ವರ್ಷ. ಮನಸ್ಸಿಗೆ ಬಂದರೆ ಮತ್ತೊಂದು. ಹೆಚ್ಚೆಂದರೆ ನಾಲ್ಕು! ಆಮೇಲೆ? ಆಮೇಲೆ ಗೇಟಿನ ಹೊರಗೆ!

ಅಗ್ನಿವೀರನೆಂದು ಸೇರಿ ಗಡಿ ಕಾಯುವ ಹುಡುಗನಿಗೆ ನಾಲ್ಕು ವರ್ಷ. ಅವನ ಕೈಗೆ ಗುಂಡು ತುಂಬಿಕೊಡುವ ಹುಡುಗನಿಗೂ ನಾಲ್ಕು ವರ್ಷ. ದೇಶಕ್ಕೆ ಇಬ್ಬರೂ ಬೇಕು, ಯೌವನ ಇರುವ ತನಕ ಮಾತ್ರ!

ಸ್ಫೋಟಕದ ಕೆಲಸ ಪುಸ್ತಕ ಓದಿ ಬರುವುದಲ್ಲ. ಹಳೆಯ ಕೈ ಹೊಸ ಕೈಗೆ ಕಲಿಸಬೇಕು. ಹದ ತಪ್ಪಿದಾಗ ಬರುವ ವಾಸನೆ, ಯಂತ್ರದ ಸದ್ದಿನಲ್ಲಿ ಆಗುವ ಕೂದಲೆಳೆಯ ವ್ಯತ್ಯಾಸ, ಇವನ್ನು ಗುರುತಿಸಲು ವರ್ಷಗಳು ಬೇಕು. ಗುರುತಿಸಲು ಕಲಿತ ಹೊತ್ತಿಗೆ ಇವನನ್ನು ಕಳಿಸಿ ಹೊಸಬನನ್ನು ತರುವುದು! ಪಕ್ಕದಲ್ಲಿ ನಿಂತ ಕಾಯಂ ನೌಕರನ ಜೀವಕ್ಕೂ ಇದರಿಂದ ಅಪಾಯವೇ.

2025ರ ಜನವರಿ 24ನ್ನು ಮರೆಯಬೇಡಿ! ಭಂಡಾರಾದ ಆರ್ಡ್‌ನೆನ್ಸ್ ಕಾರ್ಖಾನೆ. ಬೆಳಗಿನ ಪಾಳಿ. ಸ್ಫೋಟ! ಮಾಡು ಕುಸಿದು ಬಿತ್ತು. ಆ ದಿನವೇ ಎಂಟು ಜನ ಸತ್ತರು. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋದವರು! ಅದಕ್ಕೆ ಮೂರು ತಿಂಗಳ ಹಿಂದೆ ಜಬಲ್ಪುರದ ಖಮರಿಯಾ ಕಾರ್ಖಾನೆಯಲ್ಲಿ ಸ್ಫೋಟವಾಗಿ ಅಲ್ಲೂ ಜೀವ ಹೋಗಿತ್ತು. ಎರಡೂ ಪುಣೆಯಿಂದ ಆಳುವ ಅದೇ ಕಂಪನಿಯ ಕಾರ್ಖಾನೆಗಳು. ಅಂಥ ಕಾರ್ಖಾನೆಯ ಹೊರಗೆ ಗಂಡನ ಸುದ್ದಿಗೆ ಕಾಯುವ ಹೆಂಗಸನ್ನು ನೆನೆಯಿರಿ. ಹೆಸರು ಕೂಗುವ ತನಕ ಅವಳು ಅಳುವುದಿಲ್ಲ. ಕೂಗಿದ ಮೇಲೆ ಅವಳನ್ನು ಹಿಡಿಯಲು ನಾಲ್ಕು ಜನ ಸಾಲುವುದಿಲ್ಲ.

ಸತ್ತವನ ಮನೆಗೆ ನೌಕರಿ ಕೊಡುತ್ತಾರಲ್ಲ ಎನ್ನಬೇಡಿ. ಕೇಂದ್ರ ಸರ್ಕಾರದ ಅನುಕಂಪದ ನೇಮಕಕ್ಕೆ ಇರುವ ಮಿತಿ ನೇರ ನೇಮಕಾತಿಯ ನೂರಕ್ಕೆ ಐದು. ನೇಮಕಾತಿಯೇ ಗುತ್ತಿಗೆಯಾದರೆ ಆ ಐದು ಎಲ್ಲಿಂದ ಬರುತ್ತದೆ?

ಬಂದೂಕು ಬೇಕೇ ಬೇಡವೇ ಎಂದು ಕೆಲವರು ಕೇಳುತ್ತೀರಿ. ಯುದ್ಧ ಬೇಡ ಎನ್ನುವವರು ನಮ್ಮಲ್ಲೂ ಇದ್ದೇವೆ. ಆ ಚರ್ಚೆ ಒಂದು ದಿನ ಕೂತು ಮಾಡೋಣ. ಮದ್ದು ಅರೆಯುವ ಕೈ ಸುಟ್ಟುಹೋಗಬಾರದು ಎಂಬುದರಲ್ಲಿ ಎರಡು ಮಾತಿದೆಯೇ?

ನಾವೇನು ಬೇರೆಯೇ? ನಿಮ್ಮ ಸೊಸೈಟಿಯ ಗೇಟಿನಲ್ಲಿ ಹನ್ನೆರಡು ತಾಸು ನಿಲ್ಲುವ ಯಾದಗಿರಿಯ ಕಾಕಾ ಏಜೆನ್ಸಿಯ ಗುತ್ತಿಗೆ. ಲಿಫ್ಟಿನ ನೆಲ ಒರೆಸುವ ಕಲಬುರಗಿಯ ಅವ್ವ ಗುತ್ತಿಗೆ. ಮೇಲೆ ಹನ್ನೊಂದನೇ ಮಹಡಿಯಲ್ಲಿ ಕೋಡ್ ಬರೆಯುವ ಹುಬ್ಬಳ್ಳಿಯ ಹುಡುಗಿ, ಅವಳ ಬ್ಯಾಡ್ಜಿನ ಬಣ್ಣವೇ ಬೇರೆ, ಅವಳೂ ಗುತ್ತಿಗೆ! ಸೋಮವಾರ ಬೆಳಿಗ್ಗೆ ಬ್ಯಾಡ್ಜ್ ತೋರಿಸಿದಾಗ ಬಾಗಿಲು ತೆರೆಯುತ್ತದೋ ಇಲ್ಲವೋ ಎಂಬ ಅಂಜಿಕೆ ನಿಮಗೆ ಹೊಸದೇ? ಸರ್ಕಾರದ ಕಾರ್ಖಾನೆ ಎಂದರೆ ಅಂಜಿಕೆ ಇಲ್ಲದ ಜಾಗ ಎಂದು ನಮ್ಮ ಅಪ್ಪಂದಿರು ನಂಬಿದ್ದರು. ಅದನ್ನೇ ತೋರಿಸಿ ನಾವು ಕೇಳುತ್ತಿದ್ದೆವು: ಅವರಿಗೆ ಕಾಯಂ ಇದೆ, ನಮಗೂ ಕೊಡಿ. ಅಲ್ಲೂ ಗುತ್ತಿಗೆ ಬಂದರೆ ನಾಳೆ ನಾವು ಯಾವುದನ್ನು ತೋರಿಸಿ ಕೇಳುವುದು?

ನಮ್ಮ ಬೇಡಿಕೆ ಮುಚ್ಚುಮರೆಯದ್ದಲ್ಲ. ಹಳೆಯ ನೌಕರರು ನಿವೃತ್ತಿಯ ದಿನದ ತನಕ ಕೇಂದ್ರ ಸರ್ಕಾರದ ನೌಕರರೇ ಎಂದು ಬರವಣಿಗೆಯಲ್ಲಿ ಕೊಡಿ. ವರ್ಷ ವರ್ಷದ ಗಡುವು ನಿಲ್ಲಿಸಿ! ಡೇಂಜರ್ ಬಿಲ್ಡಿಂಗಿನಲ್ಲಿ ಗುತ್ತಿಗೆ ಕೂಡದು. ಒಳಗಿರುವ ಹುಡುಗರನ್ನು ಕಾಯಂ ಮಾಡಿ! ಸ್ಫೋಟದ ತನಿಖಾ ವರದಿ ಕಾರ್ಮಿಕರ ಕೈಗೆ, ಅವರು ಓದುವ ಭಾಷೆಯಲ್ಲಿ ಬರಲಿ. ಖಡಕಿಯ, ದೇಹೂರೋಡಿನ ಒಂದು ಗುಂಟೆ ನೆಲವೂ, ಕಂಪನಿಯ ಒಂದು ಷೇರೂ ಮಾರಾಟಕ್ಕಿಲ್ಲ ಎಂದು ಸಂಸತ್ತಿನಲ್ಲಿ ಹೇಳಿ!

ನೀವು ಮಾಡಬೇಕಾದದ್ದು ಇಷ್ಟೇ.

ಅಂಚೆ ಕಚೇರಿಯಲ್ಲಿ ಕಾರ್ಡು ಐವತ್ತು ಪೈಸೆಗೆ ಸಿಗುತ್ತದೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಕಾರ್ಡು ತನ್ನಿ. ಕನ್ನಡದಲ್ಲೇ ಬರೆಯಿರಿ: "ಖಡಕಿಯ ಕಾರ್ಮಿಕರನ್ನು ಕೈಬಿಡಬೇಡಿ. ಡೇಂಜರ್ ಬಿಲ್ಡಿಂಗಿನಲ್ಲಿ ಗುತ್ತಿಗೆ ಬೇಡ." ಕೆಳಗೆ ಹೆಸರು, ಮಗರಪಟ್ಟಾ, ಪುಣೆ. ವಿಳಾಸ: ರಕ್ಷಣಾ ಸಚಿವರು, ಭಾರತ ಸರ್ಕಾರ, ನವದೆಹಲಿ. ಇನ್ನೊಂದು ಕಾರ್ಡು ನಮ್ಮ ಸಂಸದರಿಗೆ. ಮರಾಠಿ ಬರುವವರು ಪಕ್ಕದ ಮನೆಯ ಮರಾಠಿಯವರಿಗೆ ಈ ಕರಪತ್ರ ಓದಿ ಹೇಳಿ. ಭಂಡಾರಾದಲ್ಲಿ ಸತ್ತವರು ಅವರ ಜನ, ನಮ್ಮ ಜನ.

ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹಡಪ್ಸರ್ ಗಾಡಿತಳದಲ್ಲಿ ಸೇರುತ್ತೇವೆ. ಅಲ್ಲಿಂದ ಎಲ್ಲರೂ ಕೂಡಿ ಬಸ್ಸಿನಲ್ಲಿ ಖಡಕಿಗೆ. ಗಲಾಟೆ ಇಲ್ಲ, ಕಲ್ಲು ಇಲ್ಲ. ಕಾಲನಿಯ ಮನೆಗಳಿಗೆ ಹೋಗಿ ಕೂರುತ್ತೇವೆ, ಅವರ ಮಾತು ಕೇಳುತ್ತೇವೆ, ಬರೆದ ಕಾರ್ಡುಗಳನ್ನು ಅವರ ಎದುರಿಗೇ ಡಬ್ಬಿಗೆ ಹಾಕುತ್ತೇವೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ರಾತ್ರಿ ಪಾಳಿ ಮುಗಿಸಿದ ಕಾಕಾ, ನೀವು ನೇರವಾಗಿ ಗಾಡಿತಳಕ್ಕೇ ಬನ್ನಿ, ಚಹಾ ನಾವು ಕೊಡಿಸುತ್ತೇವೆ.

ಪೆನ್ನು ಮರೆಯಬೇಡಿ!