ಗಡಿಯಾಚೆ ಖೋಲಾ ಮೆಣಸಿಗೆ ಜಿಐ ಪಟ್ಟ, ನಮ್ಮ ಸೂಜಿ ಮೆಣಸಿಗೆ ಇನ್ನೂ ಲೋಟದ ಲೆಕ್ಕ!

ಕಾರವಾರ/ಅಂಕೋಲಾ: ಸಂತೆಯಲ್ಲಿ ಸೊಪ್ಪು, ತರಕಾರಿ ಬುಟ್ಟಿಯ ಮೂಲೆಯಲ್ಲಿ ಒಂದು ಹಿಡಿ ಸೂಜಿ ಮೆಣಸು. ಗಾತ್ರ ನೋಡಿದರೆ ಜೀರಿಗೆ, ಕಡಿದರೆ ಕಣ್ಣಲ್ಲಿ ನೀರು. ಆದರೆ ಅದಕ್ಕೆ ಬೋರ್ಡೂ ಇಲ್ಲ, ಹೆಸರೂ ಇಲ್ಲ. ಲೋಟದ ಲೆಕ್ಕದಲ್ಲಿ ಮಾರಾಟ, ಕೊಳ್ಳುವವರು ಹೇಳಿದ್ದೇ ದರ.

ಕಾರವಾರದ ಗಡಿ ದಾಟಿದರೆ ಗೋವಾದ ಕಾಣಕೋಣ. ಅಲ್ಲಿ ಗುಡ್ಡದ ಇಳಿಜಾರಿನಲ್ಲಿ ಮಳೆಗಾಲದಲ್ಲಿ ಬೆಳೆಯುವ ಖೋಲಾ ಮೆಣಸಿಗೆ 2019ರಲ್ಲೇ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಖಾರದಲ್ಲಿ ಅದು ಮಧ್ಯಮ ಅಷ್ಟೇ. ಹಾಗಾದರೆ ನಮ್ಮದಕ್ಕೆ ಯಾಕಿಲ್ಲ?

ಖಾರ ಎಷ್ಟು?
ಖಾರ ಅಳೆಯುವ ಮಾನ ಸ್ಕೋವಿಲ್. ಸೂಜಿ ಮೆಣಸಿನ ಜಾತಿಯದ್ದು ಸುಮಾರು 50 ಸಾವಿರದಿಂದ 1 ಲಕ್ಷ. ಈಶಾನ್ಯದ ಭೂತ್ ಜೊಲೋಕಿಯಾ 10 ಲಕ್ಷ ದಾಟುತ್ತದೆ. 2023ರಲ್ಲಿ ಗಿನ್ನೆಸ್ ಸೇರಿದ ಅಮೆರಿಕದ ಪೆಪ್ಪರ್ ಎಕ್ಸ್ ಸುಮಾರು 26.93 ಲಕ್ಷ! ಆದರೆ ಅಂಥವು ಪಂಥ ಕಟ್ಟಲಿಕ್ಕೆ, ದಿನದ ಸಾರಿಗಲ್ಲ. ಮೊಬೈಲ್ ನೋಡಿ ಪಂಥಕ್ಕಿಳಿಯುವ ಹುಡುಗರು ಒಂದು ಮಾತು ನೆನಪಿಡಲಿ: ಖಾರದ ಅಂಶ ನೀರಲ್ಲಿ ಕರಗುವುದಿಲ್ಲ. ಉರಿ ಹತ್ತಿದರೆ ನೀರಲ್ಲ, ಹಾಲು ಅಥವಾ ಮೊಸರು ಬೇಕು.

ಬೆಳೆ ಸುಲಭ, ಕೊಯ್ಲು ಕಷ್ಟ
ಹಕ್ಕಿಗಳಿಗೆ ಈ ಖಾರ ತಾಗುವುದಿಲ್ಲ. ಅವು ಹಣ್ಣು ತಿಂದು ಬೀಜ ಬೀಳಿಸಿದಲ್ಲಿ ಗಿಡ ಏಳುತ್ತದೆ. ತೋಟದ ಅರೆನೆರಳು ಸಾಕು. ಕಷ್ಟ ಇರೋದು ಕೀಳುವುದರಲ್ಲಿ. ಒಂದೊಂದೇ ಕಾಯಿ ಬಿಡಿಸಬೇಕು, ಸಂಜೆವರೆಗೂ ಬೆರಳು ಉರಿ. ಲೋಟದ ದರದಲ್ಲಿ ಆ ಕೂಲಿಗೆ ಲೆಕ್ಕವೇ ಇಲ್ಲ.

ದಾರಿ ಇದೆ
ಇದೇ ಜಾತಿಯ ಸಣ್ಣ ಮೆಣಸಿಗೆ ಮಿಜೋರಾಂ 2015ರಲ್ಲೇ ಜಿಐ ಪಡೆದಿದೆ. ದೂರ ಯಾಕೆ, ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಬಂತಲ್ಲ! ಅದಕ್ಕೆ ಅರ್ಜಿ ಹಾಕಿದ್ದು ರೈತ ಉತ್ಪಾದಕ ಕಂಪನಿ. ಒಬ್ಬೊಬ್ಬರೇ ಹೋದರೆ ಆಗದು, ಬೆಳೆಗಾರರ ಸಂಘ ಬೇಕು.

ಹಾಗಂತ ಜಿಐ ಮಂತ್ರದಂಡವೂ ಅಲ್ಲ. ಬ್ಯಾಡಗಿ ಮೆಣಸಿಗೆ 2011ರಲ್ಲೇ ಜಿಐ ಇದೆ. ಆದರೂ 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿಯಲ್ಲಿ ಕಚೇರಿ, ವಾಹನಗಳಿಗೆ ಬೆಂಕಿ ಬಿತ್ತು. ಗುರುತು ಸಿಕ್ಕಿದ ಮಾತ್ರಕ್ಕೆ ದರ ನಿಲ್ಲುವುದಿಲ್ಲ.

ಆದ್ದರಿಂದ ಮೊದಲ ಹೆಜ್ಜೆ ಚೆನ್ನೈನ ಜಿಐ ಕಚೇರಿಯಲ್ಲಲ್ಲ, ನಮ್ಮ ಪೇಟೆಯಲ್ಲೇ ಇಡಬೇಕು. ಲೋಟ ಬಿಟ್ಟು ತಕ್ಕಡಿ ಬರಲಿ. ಚೆನ್ನಾಗಿ ಒಣಗಿಸಿ, 50 ಗ್ರಾಂ ಪೊಟ್ಟಣ ಕಟ್ಟಿ, ಮೇಲೆ ಊರಿನ ಹೆಸರು ಬರೆಯಲಿ. ಹೆದ್ದಾರಿ 66ರಲ್ಲಿ ಗೋವಾಕ್ಕೆ ಹೋಗಿ ಬರುವ ಪ್ರವಾಸಿಗರು ಇಲ್ಲಿಯ ಅಂಗಡಿಗಳ ಮುಂದೆಯೇ ಹಾಯುತ್ತಾರೆ. ಗೋಡಂಬಿ, ಕೋಕಂ ಪಕ್ಕದಲ್ಲಿ ಸೂಜಿ ಮೆಣಸಿಗೂ ಒಂದು ಜಾಗ ಕೊಟ್ಟರೆ ಅಂಗಡಿಕಾರರಿಗೂ ಲಾಭ, ಬೆರಳು ಉರಿಸಿಕೊಂಡು ಕಿತ್ತವರಿಗೂ ನಾಲ್ಕು ಕಾಸು.